‘ಕೊಬ್ಬು ಕರಗಿಸುವ ಮದ್ದು’: ಒಂದು ನುಡಿಯ ವಿಮರ್ಶೆ

ಸ್ಥೂಲಕಾಯದ ಚಿಕಿತ್ಸೆಯನ್ನು ಕುರಿತ ನಮ್ಮ ಬರಹಗಳಲ್ಲಿ ‘ಕೊಬ್ಬು ಕರಗಿಸುವ ಮದ್ದು’ ಎಂಬ ಮಾತು ರೂಢಿಯಾಗಿ ನಿಂತಿದೆ. ಕೇಳಲು ಹಿತವಾದ ಈ ಮಾತು ಅರ್ಥದಲ್ಲಿ ಸರಿಯಲ್ಲ. ತುಪ್ಪ ಕರಗಿದರೆ ಅದರ ತೂಕ ಕುಗ್ಗದು. ದೇಹದ ಕೊಬ್ಬಾದರೋ ಆಮ್ಲಜನಕದೊಡನೆ ಕೂಡಿ, ಇಂಗಾಲದ ಡೈ ಆಕ್ಸೈಡೂ ನೀರೂ ಆಗಿ ಹೊರಬೀಳುತ್ತದೆ. ಇದು ದಹನ. ದಹನವೆಂದೊಡನೆ ‘ಆ ಬಿಸಿ ಎಲ್ಲಿಗೆ ಹೋಗುವುದು?’ ಎಂಬ ಪ್ರಶ್ನೆ ಏಳುತ್ತದೆ. ‘ಕರಗುವುದು’ ಎಂದಾಗ ಏಳುವುದಿಲ್ಲ. ಈ ನುಡಿಯ ದೋಷವಿರುವುದು ಇಲ್ಲಿಯೇ.

ಪ್ರಶ್ನೆಯ ಮಹತ್ವವನ್ನರಿಯಲು ಡೈನೈಟ್ರೊಫಿನಾಲಿನ ಇತಿಹಾಸವೊಂದೇ ಸಾಕು. ಅದರಿಂದ ತೂಕ ಇಳಿಯುವುದೆಂದು 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟೇಂಟರ್, ಕಟಿಂಗ್ ಮೊದಲಾದವರು ವರದಿ ಮಾಡಿದರು. ಆಹಾರದ ಶಕ್ತಿಯ ಒಂದು ಪಾಲನ್ನು ಜೀವಕೋಶವು ಎ.ಟಿ.ಪಿ. ಎಂಬ ಸಂಯುಕ್ತದ ರೂಪದಲ್ಲಿ ಕೆಲಸಕ್ಕೆ ಒದಗಿಸಿಕೊಳ್ಳುತ್ತದೆ. ಅಣೆಕಟ್ಟಿನ ನೀರು ಚಕ್ರವನ್ನು ತಿರುಗಿಸದೆ ತೂತಿನಿಂದ ಸೋರಿಹೋಗುವಂತೆ, ಈ ಮದ್ದಿನಿಂದ ಆ ಶಕ್ತಿ ಬರಿಯ ಬಿಸಿಯಾಗಿ ಹೋಗುತ್ತದೆ. ತೂಕ ಇಳಿದುದು ನಿಜ. ಆದರೆ ಮೈಯ ತಾಪ ಮಿತಿಮೀರಿ ಕೆಲವರು ಸತ್ತರು, ಹಲವರಿಗೆ ಕಣ್ಣಿಗೆ ಪೊರೆ ಬಂದಿತು. 1938ರ ಕಾನೂನಿನ ಬಳಿಕ ಅಮೆರಿಕದಲ್ಲಿ ಅದು ಮದ್ದಿನ ಸ್ಥಾನವನ್ನು ಕಳೆದುಕೊಂಡಿತು. ಆದರೂ ಅಂತರಜಾಲದ ಮೂಲಕ ಅದನ್ನು ಕೊಂಡು ನುಂಗಿ ಪ್ರಾಣ ನೀಗಿದವರು ಈ ಶತಮಾನದಲ್ಲಿಯೂ ಉಂಟು.

ಶಕ್ತಿವ್ಯಯ ಹೆಚ್ಚುವುದೇ ಗುಣವೆನ್ನುವವರು ನಮ್ಮ ನಾಡಿನ ನಿದರ್ಶನವೊಂದನ್ನು ನೋಡಬಹುದು. ಕೊಗನೊಳ್ಳಿಯನ್ನೊಳಗೊಂಡ ನಿಪ್ಪಾಣಿಯ ಸೀಮೆ ತಂಬಾಕಿಗೆ ಹೆಸರಾದುದು. ತಂಬಾಕಿನ ನಿಕೊಟಿನ್ ಕೂಡ ಶಕ್ತಿವ್ಯಯವನ್ನು ಏರಿಸುತ್ತದೆ. 1986ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದಿನಕ್ಕೆ 24 ಸಿಗರೇಟು ಸೇದಿದಾಗ ಅದು ಸುಮಾರು ಶೇಕಡಾ 10ರಷ್ಟು ಹೆಚ್ಚಿತು. ಅಷ್ಟಕ್ಕೇ ತಂಬಾಕನ್ನು ಯಾರೂ ಮದ್ದೆನ್ನರು.

ಹಾಗೆಂದು ಈ ದಾರಿಯ ಶೋಧವೇ ವ್ಯರ್ಥವೆಂದಲ್ಲ. ಮೂತ್ರಕೋಶದ ತೊಂದರೆಗೆ ಕೊಡುವ ಮಿರಾಬೆಗ್ರಾನ್, ಬಿಸಿ ಹುಟ್ಟಿಸುವ ಕಂದು ಕೊಬ್ಬನ್ನು ಚುರುಕುಗೊಳಿಸುವುದೆಂದು 2015ರಲ್ಲಿ ಪ್ರಕಟವಾಯಿತು. ಆದರೆ ಅಲ್ಲಿ ಬಳಸಿದ ಹೆಚ್ಚಿನ ಪ್ರಮಾಣದಲ್ಲಿ ಹೃದಯದ ಬಡಿತವೂ ಏರಿತು. ಇಂದು ಹೆಸರಾಗಿರುವ ಸೆಮಾಗ್ಲುಟೈಡಾದರೋ ಮುಖ್ಯವಾಗಿ ಹಸಿವನ್ನು ತಗ್ಗಿಸುವಂಥದು. ಒಂದು ಖರ್ಚನ್ನು ಹೆಚ್ಚಿಸುತ್ತದೆ, ಇನ್ನೊಂದು ಆದಾಯವನ್ನು ಕುಗ್ಗಿಸುತ್ತದೆ. ಎರಡಕ್ಕೂ ‘ಕರಗಿಸು’ ಎಂಬ ಒಂದೇ ಮಾತು ಸಲ್ಲದು. ಮೊದಲನೆಯದನ್ನು ‘ವ್ಯಯವರ್ಧಕ’ವೆಂದೂ ಎರಡನೆಯದನ್ನು ‘ಕ್ಷುಧಾಶಾಮಕ’ವೆಂದೂ ಬೇರ್ಪಡಿಸಿ ಕರೆಯುವುದು ಲೇಸು. ಆಗ ಮದ್ದು ಯಾವ ದಾರಿಯಿಂದ ಕೆಲಸಮಾಡುತ್ತದೆ, ಅದಕ್ಕಾಗಿ ದೇಹ ಏನನ್ನು ತೆರಬೇಕಾಗುತ್ತದೆ ಎಂಬ ವಿಚಾರ ಹೆಸರಿನಿಂದಲೇ ವಿದ್ಯಾರ್ಥಿಗೆ ಹೊಳೆದೀತು.