ಮಾಧ್ಯಮಿಕ ತರಗತಿಗಳಲ್ಲಿ ಯಂತ್ರಸಾಧನಗಳು: ಒಂದು ವಿಮರ್ಶೆ

ಬೋಧನೆಗೆ ಯಂತ್ರಸಾಧನಗಳ ನೆರವು ಬೇಕೆ, ಬೇಡವೆ ಎಂಬ ಪ್ರಶ್ನೆ ಈಗ ಉಳಿದಿಲ್ಲ. ರೇಡಿಯೋ, ದೂರದರ್ಶನ, ಗಣಕಯಂತ್ರ, ಮೊಬೈಲು ಇವೆಲ್ಲ ಒಂದಾದ ಮೇಲೊಂದರಂತೆ ಶಾಲೆಯ ಬಾಗಿಲಿಗೆ ಬಂದಾಗಿವೆ. ಅವುಗಳ ಸಾಫಲ್ಯವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದೇ ಈಗ ವಿಚಾರಾರ್ಹವಾದ ಪ್ರಶ್ನೆ. ಎಷ್ಟು ಶಾಲೆಗಳಿಗೆ ಎಷ್ಟು ಉಪಕರಣಗಳು ತಲಪಿದುವು ಎಂಬುದೇ ಸಾಮಾನ್ಯವಾಗಿ ಬಳಕೆಯಲ್ಲಿರುವ ಅಳತೆ. ಆರರಿಂದ ಎಂಟನೆಯವರೆಗಿನ ತರಗತಿಗಳಿಗೆ, ಎಂದರೆ ಹಿಂದೆ ಮಿಡ್ಲ್‌ಸ್ಕೂಲ್ ಎನ್ನಿಸಿಕೊಂಡಿದ್ದ ಹಂತಕ್ಕೆ, ಈ ಅಳತೆ ಸಾಲದೆಂಬುದು ನಮ್ಮ ಅಭಿಪ್ರಾಯ.

ಹರಿಹರ ತಾಲ್ಲೂಕಿನ ಮಲೆಬೆನ್ನೂರನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಇದು ಭದ್ರೆಯ ನೀರಿನಿಂದ ಬತ್ತ ಬೆಳೆಯುವ ಸೀಮೆ. ಭದ್ರಾ ಬಲದಂಡೆ ನಾಲೆಯ ಒಂದು ಶಾಖೆಗೆ ಈ ಊರಿನದೇ ಹೆಸರು. ತೂಬು ತೆರೆದ ಮಾತ್ರಕ್ಕೆ ಕೊನೆಯ ಗದ್ದೆಗೆ ನೀರು ಹರಿಯಿತೆಂದು ಇಲ್ಲಿಯ ರೈತರು ಎಣಿಸುವುದಿಲ್ಲ. ಶಿಕ್ಷಣದ ವಿಷಯದಲ್ಲಿ ಮಾತ್ರ ನಾವು ತೂಬು ತೆರೆದುದನ್ನೇ ನೀರಾವರಿಯೆಂದು ಲೆಕ್ಕ ಬರೆಯುತ್ತ ಬಂದಿದ್ದೇವೆ.

ಈ ವಾಡಿಕೆ ಇಂದಿನದಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ದೂರದವರಿಗೂ ವಿದ್ಯೆಯ ಮಾತು ಕೇಳಿಸಬಹುದೆಂಬುದು ಅಂದಿನಿಂದ ನಮಗೆ ಪರಿಚಿತವಾದ ಆಸೆ. ಮುಂದೆ ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ಉಪಗ್ರಹ ದೂರದರ್ಶನದ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳು ಅದರ ವ್ಯಾಪ್ತಿಗೆ ಸೇರಿದ್ದುವು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಆಯ್ಕೆಯಾಗಿದ್ದುವು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗಾಗಿ ಕಾರ್ಯಕ್ರಮಗಳು ಬರುತ್ತಿದ್ದುವು. ಅಮೆರಿಕದಿಂದ ಎರವಲು ತಂದ ಉಪಗ್ರಹ ವರ್ಷ ತುಂಬಿದೊಡನೆ ಹಿಂದಿರುಗಿತು. ಆದರೆ ಅದೇ ಪ್ರಯೋಗದ ಅಂಗವಾಗಿ ಸಾವಿರಾರು ಉಪಾಧ್ಯಾಯರಿಗೆ ವಿಜ್ಞಾನಬೋಧನೆಯ ತರಬೇತಿಯೂ ದೊರೆತಿತ್ತು. ಉಪಗ್ರಹ ಹೋದ ಮೇಲೆಯೂ ತರಗತಿಯಲ್ಲಿ ಉಳಿಯಬಲ್ಲದ್ದು ಆ ತರಬೇತಿಯೊಂದೇ ಎಂಬುದನ್ನು ಗಮನಿಸಬೇಕು.

ಶಿಕ್ಷಣಕ್ಕೆಂದೇ ರೂಪಿಸಿದ 'ಎಜುಸ್ಯಾಟ್' ೨೦೦೪ರ ಸೆಪ್ಟೆಂಬರಿನಲ್ಲಿ ಕಕ್ಷೆಗೇರಿತು. ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಮಿಕ್ಕ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಕನ್ನಡದಲ್ಲಿ ಪಾಠಗಳು ಬಂದುವು. ಇಲ್ಲಿ ಒಂದು ಸಂಗತಿ ನಮ್ಮ ವಾದಕ್ಕೆ ಮುಖ್ಯವಾದುದು. ಇಂಜಿನಿಯರಿಂಗ್ ಕಾಲೇಜುಗಳ ಜಾಲದಲ್ಲಿ ವಿದ್ಯಾರ್ಥಿ ಮರುಪ್ರಶ್ನೆ ಕೇಳುವುದಕ್ಕೆ ಅವಕಾಶವಿತ್ತು. ಹಳ್ಳಿಯ ಶಾಲೆಗೆ ದೊರೆತುದು ಬಂದುದನ್ನು ಸ್ವೀಕರಿಸುವ ಸಾಧನ ಮಾತ್ರ. ಕೇಳುವ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಬಾಯಿಲ್ಲದ ಯಂತ್ರ ಬಂದಿತು. ಆ ಉಪಗ್ರಹದ ಸೇವೆಯೂ ೨೦೧೦ರಲ್ಲಿ ಕೊನೆಗೊಂಡಿತು.

೨೦೧೭ರಲ್ಲಿ ಆರಂಭವಾದ 'ದೀಕ್ಷಾ' ವೇದಿಕೆಯಿಂದ ಪಠ್ಯಪುಸ್ತಕದ ಪುಟಕ್ಕೇ ಪಾಠದ ಚಿತ್ರಗಳು ಜೋಡಣೆಯಾದುವು. ಆದರೆ ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದಾಗಿ ಶಾಲೆಗಳು ಮುಚ್ಚಿದಾಗ ನಿಜವಾದ ಪರೀಕ್ಷೆ ಬಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಸರ್ಕಾರ ಆರಂಭಿಸಿದ 'ವಿದ್ಯಾಗಮ' ಯೋಜನೆ ಮಕ್ಕಳನ್ನು ಅವರವರ ಮನೆಯಲ್ಲಿದ್ದ ಸಾಧನಗಳಿಗನುಗುಣವಾಗಿ ಗುಂಪುಮಾಡಿತು. ಉಪಾಧ್ಯಾಯರೇ ಕೇರಿಗೆ ಹೋಗಿ ಗುಡಿಯ ಪ್ರಾಂಗಣದಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅಲ್ಪಕಾಲದ ಆ ಯೋಜನೆ ಸಾಧನದ ಪಟ್ಟಿಯಿಂದ ಹೊರಟು ಉಪಾಧ್ಯಾಯನ ಕಾಲುನಡಿಗೆಗೆ ಬಂದು ನಿಂತಿತೆಂಬುದು ಅರ್ಥಪೂರ್ಣವಾಗಿದೆ.

ಈಗ ಮಲೆಬೆನ್ನೂರಿನ ಎಂಟನೆಯ ತರಗತಿಯೊಂದನ್ನು ಊಹಿಸಿಕೊಳ್ಳೋಣ. ಪಾಠ ಘನಫಲದ್ದು. ತೆರೆಯ ಮೇಲೆ ತೊಟ್ಟಿಯ ಚಿತ್ರ, ಸೂತ್ರ, ಉತ್ತರ ಎಲ್ಲವೂ ಸ್ಪಷ್ಟವಾಗಿ ಮೂಡುತ್ತವೆ, ಮಕ್ಕಳು ಬರೆದುಕೊಳ್ಳುತ್ತಾರೆ. ಉಪಾಧ್ಯಾಯರು ಅಲ್ಲಿಯೇ ಚಿತ್ರವನ್ನು ನಿಲ್ಲಿಸಿ, "ನಾಲೆಯಲ್ಲಿ ಒಂದು ಕ್ಯೂಸೆಕ್ ನೀರು ಒಂದು ದಿನ ಹರಿದರೆ ಎಷ್ಟು ಎಕರೆಗೆ ಒಂದಡಿ ನೀರು ನಿಲ್ಲುತ್ತದೆ?" ಎಂದು ಕೇಳಿದರೆಂದು ಭಾವಿಸೋಣ. ಸೆಕೆಂಡಿಗೆ ಒಂದು ಘನ ಅಡಿಯಂತೆ ದಿನಕ್ಕೆ ೮೬,೪೦೦ ಘನ ಅಡಿ. ಎಕರೆಗೆ ೪೩,೫೬೦ ಚದರ ಅಡಿ. ಆದುದರಿಂದ ಹೆಚ್ಚುಕಡಮೆ ಎರಡು ಎಕರೆ. ಆಗ ಒಬ್ಬ ಹುಡುಗಿ, "ನಮ್ಮ ಗದ್ದೆ ಇರುವುದು ಒಂದೇ ಎಕರೆ, ಆದರೂ ನೀರು ಸಾಲುವುದಿಲ್ಲವಲ್ಲ ಸಾರ್" ಎನ್ನಬಹುದು. ಇಂಗುವುದು, ಆವಿಯಾಗುವುದು, ಮೇಲಿನವರು ಹೆಚ್ಚಾಗಿ ತಿರುಗಿಸಿಕೊಳ್ಳುವುದು ಇವೆಲ್ಲ ಚರ್ಚೆಗೆ ಬರುತ್ತವೆ. ಗಣಿತ ಅಲ್ಲಿ ವಿಜ್ಞಾನವೂ ಸಮಾಜಶಾಸ್ತ್ರವೂ ಆಗುತ್ತದೆ. ಇದೇ ಊರಿನಲ್ಲಿ ಮನೆಯೊಳಗೆ ಉರ್ದು ಆಡುವ ಮಕ್ಕಳೂ ಇದ್ದಾರೆ. 'ಘನಫಲ' ಎಂಬ ಮಾತು ಅವರಲ್ಲೊಬ್ಬನಿಗೆ ತಿಳಿಯದೆ ಹೋದುದನ್ನು ಮುಖ ನೋಡಿ ಗುರುತಿಸಬೇಕಾದವರು ಉಪಾಧ್ಯಾಯರೇ. ಮುಂಚೆಯೇ ಮುದ್ರಿಸಿಟ್ಟ ಪಾಠಕ್ಕೆ ಎದುರಿಗಿರುವ ಮಗುವಿನ ಮುಖ ಕಾಣುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ವಿಷಯಜ್ಞಾನವುಳ್ಳ ಉಪಾಧ್ಯಾಯರೇ ಇಲ್ಲದ ಶಾಲೆಯಲ್ಲಿ ಒಳ್ಳೆಯ ಚಿತ್ರಪಾಠ ಲಾಭವಲ್ಲವೆ? ಲಾಭವೇ ಸರಿ. ಹೃದಯದ ಬಡಿತ, ಗ್ರಹಗಳ ಚಲನೆ, ಸೂಕ್ಷ್ಮಜೀವಿಗಳ ಲೋಕ ಇವನ್ನು ಸೀಮೆಸುಣ್ಣದಿಂದ ತೋರಿಸಲಾಗದು. ಆದರೆ ಈ ಲಾಭ ಕೊರತೆಯ ಕಾಲದ ಪರಿಹಾರ; ಖಾಲಿಯಿರುವ ಹುದ್ದೆಯನ್ನು ತುಂಬದಿರುವುದಕ್ಕೆ ಅದು ನೆಪವಾಗಬಾರದು. ಬತ್ತದ ಗದ್ದೆ ಶಾಲೆಯ ಸಮೀಪದಲ್ಲೇ ಇರುವಾಗ ಪೈರಿನ ಬೆಳವಣಿಗೆಯನ್ನು ತೆರೆಯ ಮೇಲೆ ಮಾತ್ರ ತೋರಿಸುವುದಂತೂ ಸೌಕರ್ಯವಲ್ಲ, ಸೋಮಾರಿತನ.

ಆದುದರಿಂದ ನಮ್ಮ ಸೂಚನೆ ಇಷ್ಟು. ಯಾವುದೇ ಸಾಧನವನ್ನು ಪರೀಕ್ಷಿಸುವಾಗ, ಅದು ಬಂದ ಮೇಲೆ ತರಗತಿಯಲ್ಲಿ ಮಕ್ಕಳ ಪ್ರಶ್ನೆಗಳು ಹೆಚ್ಚಿದುವೆ, ಕಡಮೆಯಾದುವೆ ಎಂಬುದನ್ನು ಮೊದಲು ನೋಡಬೇಕು. ಈ ಪರೀಕ್ಷೆಗೆ ಹಣ ಬೇಕಾಗಿಲ್ಲ. ಹರಿಹರ, ದಾವಣಗೆರೆಗಳ ಕಾಲೇಜು ವಿದ್ಯಾರ್ಥಿಗಳು ಹತ್ತಿರದ ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತು, ಒಂದು ತಿಂಗಳ ಕಾಲ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಬರೆದುಕೊಂಡು ಬಂದರೆ ಸಾಕು. ಉಪಕರಣಗಳ ಪಟ್ಟಿಗಿಂತ ಆ ನೋಟ್‌ಪುಸ್ತಕ ನಮಗೆ ಹೆಚ್ಚಿನದನ್ನು ತಿಳಿಸೀತು. ಕೊನೆಯ ಗದ್ದೆಗೆ ನೀರು ಬಂದಿತೆ ಎಂಬುದನ್ನು ತೂಬಿನ ಬಳಿ ನಿಂತು ಹೇಳಲಾಗದು. ಗದ್ದೆಯ ತನಕ ನಡೆದುಹೋಗಿಯೇ ನೋಡಬೇಕು.