ಬೆನ್ನೊಂದೇ ಇರುವ ಗ್ರಂಥಗಳು

ಒಳಗೆ ಹಾಳೆಯೇ ಇಲ್ಲದ ಪುಸ್ತಕವನ್ನು ವಿಮರ್ಶಿಸುವುದು ಹೇಗೆ? ಗೃಹಾಲಂಕಾರದ ಅಂಗಡಿಗಳಲ್ಲಿ ಈಗ ಅಂಥವು ಮಾರಾಟಕ್ಕಿವೆ: ಪುಸ್ತಕದ ಆಕಾರದ ಟೊಳ್ಳು ಪೆಟ್ಟಿಗೆಗಳು, ಚಿನ್ನದ ಗೆರೆಯೆಳೆದ ಬೆನ್ನು, ಗೋಡೆಯ ಬಣ್ಣಕ್ಕೊಪ್ಪುವ ರಟ್ಟು. ಕಂಡೊಡನೆ ಸಿಡುಕುವುದು ನಮ್ಮಂಥ ಮೇಷ್ಟರ ಜಾಯಮಾನ. ಆದರೆ ಹುಸಿ ಎಂಬ ಮಾತ್ರಕ್ಕೆ ಹೀನವೆನ್ನುವಂತಿಲ್ಲ. ಈ ಪ್ರಕಾರದಲ್ಲಿ ಚಾರ್ಲ್ಸ್ ಡಿಕನ್ಸನೂ ಕೈಯಾಡಿಸಿದ್ದಾನೆ.

1851ರಲ್ಲಿ ಅವನು ಲಂಡನ್ನಿನ ಟ್ಯಾವಿಸ್ಟಾಕ್ ಹೌಸಿಗೆ ಬಿಡಾರ ಬದಲಿಸಿದಾಗ, ತನ್ನ ಬರೆಯುವ ಕೋಣೆಗೆಂದು ಈಲ್ಸ್ ಎಂಬ ಬೈಂಡರನಿಗೆ ಪುಸ್ತಕಗಳ ಹೆಸರಿನ ಒಂದು ಪಟ್ಟಿ ಕಳುಹಿಸಿದ. ಆ ಪುಸ್ತಕಗಳನ್ನು ಯಾರೂ ಬರೆದಿರಲಿಲ್ಲ. ಬರಿಯ ಬೆನ್ನು ಮಾಡಿಕೊಟ್ಟರೆ ಸಾಕಾಗಿತ್ತು. ‘ಚೀನಾದಲ್ಲಿ ಐದು ನಿಮಿಷ’ ಮೂರು ಸಂಪುಟ. ಬೆಕ್ಕಿಗೆ ಒಂಬತ್ತು ಪ್ರಾಣವೆಂಬುದು ಇಂಗ್ಲಿಷರ ನಂಬಿಕೆಯಾದ್ದರಿಂದ, ಅದರ ಚರಿತ್ರೆ ಒಂಬತ್ತು ಸಂಪುಟ. ಪಾರ್ಲಿಮೆಂಟಿನ ನಡಾವಳಿಗಳನ್ನು ಅಚ್ಚು ಹಾಕುತ್ತಿದ್ದ ಹ್ಯಾನ್ಸಾರ್ಡನ ಹೆಸರಿನಲ್ಲಿ ಸುಖನಿದ್ರೆಗೊಂದು ಕೈಪಿಡಿ! ಯೌವನದಲ್ಲಿ ಪಾರ್ಲಿಮೆಂಟಿನ ವರದಿಗಾರನಾಗಿ ಆ ಭಾಷಣಗಳನ್ನು ಕೂತು ಕೇಳಿದವನಿಗೆ ಈ ಮಾತಾಡುವ ಅಧಿಕಾರವಿತ್ತು.

ಇವನಿಗಿಂತ ಮುಂಚೆಯೇ ಕವಿ ತಾಮಸ್ ಹುಡ್, ಚಾಟ್ಸ್‌ವರ್ತ್ ಅರಮನೆಯ ಪುಸ್ತಕಶಾಲೆಯ ಬಾಗಿಲೊಂದನ್ನು ಮರೆಸುವುದಕ್ಕೆ ಇಂಥ ಹೆಸರುಗಳನ್ನು ಹೊಸೆದುಕೊಟ್ಟಿದ್ದ. ಅವು ಬಹುಮಟ್ಟಿಗೆ ಶ್ಲೇಷೆ. ಜಾನ್ಸನ್ನನ ‘ಡಿಕ್ಷನರಿ’ ಹುಡ್‌ನ ಕೈಯಲ್ಲಿ ‘ಕಾಂಟ್ರಡಿಕ್ಷನರಿ’ ಆಗುತ್ತದೆ. ನಕ್ಕು ಮುಂದೆ ಹೋಗುತ್ತೇವೆ. ಕನ್ನಡಕ್ಕೆ ತಂದರೆ ಆ ನಗುವೂ ಉಳಿಯದು. ಡಿಕನ್ಸನ ಹೆಸರುಗಳನ್ನು ಯಾವ ಭಾಷೆಗೆ ತಂದರೂ ಕುಟುಕುತ್ತವೆ. ಶಬ್ದದ ಮೇಲೆ ನಿಂತ ಹಾಸ್ಯಕ್ಕೂ ಸಂಗತಿಯ ಮೇಲೆ ನಿಂತ ಹಾಸ್ಯಕ್ಕೂ ಇರುವ ಅಂತರವಿದು.

‘ಚಾನ್ಸರಿ ನ್ಯಾಯಾಲಯದ ಒಂದು ಚಿಕ್ಕ ವ್ಯಾಜ್ಯದ ಇತಿಹಾಸ’ವನ್ನೇ ನೋಡಿ: ಇಪ್ಪತ್ತೊಂದು ಸಂಪುಟ. ಕೋರ್ಟಿಗೆ ಅಲೆದವರಿಗೆ ಟಿಪ್ಪಣಿ ಬೇಕಿಲ್ಲ. ಮರುವರ್ಷ, 1852ರ ಮಾರ್ಚಿಯಲ್ಲಿ, ಡಿಕನ್ಸ್ ‘ಬ್ಲೀಕ್ ಹೌಸ್’ ಕಾದಂಬರಿಯನ್ನು ಬಿಡಿಬಿಡಿಯಾಗಿ ಪ್ರಕಟಿಸತೊಡಗಿದ. ಅದರ ವಸ್ತು ಅದೇ ನ್ಯಾಯಾಲಯದಲ್ಲಿ ತಲೆಮಾರುಗಳನ್ನು ತಿಂದು, ಕಡೆಗೆ ಆಸ್ತಿಯನ್ನೂ ಖರ್ಚಿಗೇ ನುಂಗಿಹಾಕುವ ಒಂದು ವ್ಯಾಜ್ಯ. ಕಪಾಟಿನಲ್ಲಿ ಒಂದು ಸಾಲಿನ ನಗೆಯಾಗಿದ್ದದ್ದು ಅಲ್ಲಿ ಸಾವುನೋವಿನ ಕಥೆಯಾಗಿದೆ. ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ನಾನು ಸಾಧಿಸಲಾರೆ. ಎರಡರ ಹಿಂದೆಯೂ ಇರುವ ಸಿಟ್ಟು ಒಂದೇ.

ಇವೆಲ್ಲಕ್ಕೂ ಮೇಲಾದದ್ದು ‘ನಮ್ಮ ಪೂರ್ವಜರ ವಿವೇಕ’ವೆಂಬ ಮಾಲೆ. ಅದರ ಸಂಪುಟಗಳು ಕ್ರಮವಾಗಿ ಅಜ್ಞಾನ, ಮೂಢನಂಬಿಕೆ, ತಲೆ ಕಡಿಯುವ ಕೊರಡು, ಸುಡುವ ಕಂಬ, ಮೈ ಹಿಗ್ಗಿಸಿ ಹಿಂಸಿಸುವ ಯಂತ್ರ, ಕೊಳೆ, ರೋಗ. ಪಕ್ಕದಲ್ಲೇ ‘ಪೂರ್ವಜರ ಸದ್ಗುಣಗಳು’: ಹೆಸರನ್ನು ಅಡ್ಡ ಬರೆಯಬೇಕಾಗುವಷ್ಟು ತೆಳುವಾದ ಒಂದೇ ಒಂದು ಸಂಪುಟ. ಹಿಂದಿನದೆಲ್ಲ ಹೊನ್ನೆಂದು ಸಭೆ ಸಭೆಯಲ್ಲೂ ಭಾಷಣ ಕೇಳುವ ನಮಗೆ ಈ ಬೆನ್ನುಗಳನ್ನು ಓದಿದರೆ ಮುಜುಗರವಾದೀತು. ಆಗಲಿ. ಪುರಾಣಿಕರು ಕೋಪಿಸಿಕೊಳ್ಳುವ ಮುನ್ನ, ಆತ ಹೇಳಿದ್ದು ಇಂಗ್ಲೆಂಡಿನ ಪೂರ್ವಜರನ್ನು ಎಂಬುದನ್ನು ನೆನಪಿಡಲಿ.

ಅಂಗಡಿಯ ಪೆಟ್ಟಿಗೆಗಳ ಮೇಲೆ ನನಗಿರುವ ಆಕ್ಷೇಪಣೆ ಅವು ಹುಸಿ ಎಂಬುದಲ್ಲ. ಓದದ ಗ್ರಂಥಮಾಲೆಯನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದವರು, ನಮ್ಮ ವೃತ್ತಿಯವರನ್ನೂ ಸೇರಿಸಿ, ಆ ಮಾತನ್ನಾಡಬಾರದು. ಅವುಗಳ ಬೆನ್ನಿನ ಮೇಲೂ ಓದುವುದಕ್ಕೆ ಏನೂ ಇಲ್ಲ; ಇದ್ದರೆ ಯಾವುದೋ ಊರಿನ ಹೆಸರು, ಇಲ್ಲವೆ ಒಂದು ಹೂಬಳ್ಳಿ. ಡಿಕನ್ಸನ ಕೋಣೆಗೆ ಬಂದವನು ಹುಸಿಯನ್ನು ಕಂಡುಹಿಡಿಯಲೆಂದೇ ಆ ಕಪಾಟು ನಿಂತಿತ್ತು. ಕಂಡುಹಿಡಿಯಬೇಕಾದರೆ ಅವನು ಹತ್ತಿರ ಹೋಗಿ ಹೆಸರುಗಳನ್ನು ಓದಲೇಬೇಕಿತ್ತು.