ಪೈಲವಾನನ ಹಾಲಿನ ಲೆಕ್ಕ

2019ರಲ್ಲಿ ತೆರೆಕಂಡ ಎಸ್. ಕೃಷ್ಣ ನಿರ್ದೇಶನದ ‘ಪೈಲ್ವಾನ್’ ಚಿತ್ರದಲ್ಲಿ ಅನಾಥ ಕಿಚ್ಚನನ್ನು (ಸುದೀಪ್) ಸರ್ಕಾರ್ (ಸುನಿಲ್ ಶೆಟ್ಟಿ) ಎಂಬ ಹಿರಿಯ ಸಾಕಿ ಕುಸ್ತಿ ಕಲಿಸುತ್ತಾನೆ. ಅವನ ಮಾತು ಮೀರಿ ಮದುವೆಯಾದ ಕಿಚ್ಚ ಮನೆಯ ಜೊತೆಗೆ ಕುಸ್ತಿಯನ್ನೂ ಕಳೆದುಕೊಳ್ಳುತ್ತಾನೆ. ಎದುರು ಪಾಳೆಯದಲ್ಲಿ ಸೋಲು ಸಹಿಸದ ರಾಜನಿದ್ದಾನೆ. ಪೋಷಕರ ಪೈಪೋಟಿಯನ್ನು ಚಿತ್ರ ಒಳ್ಳೆಯ ತಂದೆ, ಕೆಟ್ಟ ರಾಜ ಎಂದು ಸರಳ ಮಾಡಿಬಿಡುತ್ತದೆ. ಪೈಲವಾನನಿಗೆ ಹಾಲು, ಬಾದಾಮಿ ಯಾರು ಕೊಟ್ಟರು, ಏಕೆ ಕೊಟ್ಟರು, ಎಂದು ನಿಲ್ಲಿಸಿದರು ಎಂದು ಕೇಳುವುದಿಲ್ಲ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಚರಿತ್ರೆಯಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಬ್ರಿಟಿಷರ ಬಿಜಾಪುರ ಜಿಲ್ಲೆಗೆ ಸೇರಿದ್ದವು. ಮಗ್ಗುಲಲ್ಲೇ ಮುಧೋಳ, ಜಮಖಂಡಿ ಸಂಸ್ಥಾನಗಳು. ಅವುಗಳಾಚೆ, ಶಾಹೂ ಮಹಾರಾಜರ ಕಾಲದಲ್ಲಿ 1912ಕ್ಕೆ ಖಾಸಬಾಗ ಕುಸ್ತಿ ಮೈದಾನ ಕಂಡ ಕೊಲ್ಲಾಪುರ. ರಾಜರಿಗೆ ಪೈಲವಾನನೆಂದರೆ ದರ್ಬಾರಿನ ಮಾನ. ಗೆಲ್ಲಬೇಕೆಂಬ ಹಟ ಧರ್ಮದ ಬಾಗಿಲನ್ನೂ ತೆರೆಸಿತ್ತು. 1928ರಲ್ಲಿ ಪಟಿಯಾಲದಲ್ಲಿ ಗಾಮಾ ಪೋಲೆಂಡಿನ ಜಿಬಿಸ್ಕೋನನ್ನು ನಿಮಿಷದೊಳಗೆ ಚಿತ್ ಮಾಡಿದಾಗ, ಆ ಮುಸ್ಲಿಂ ಪೈಲವಾನರ ಬೆನ್ನಿಗಿದ್ದವರು ಸಿಖ್ ಮಹಾರಾಜ ಭೂಪಿಂದರ್ ಸಿಂಗ್. ನಮ್ಮ ತಾಲೀಮುಗಳಲ್ಲೂ ಹನುಮಪ್ಪನ ಪಟಕ್ಕೆ ಕೈಮುಗಿದು ಮಣ್ಣಿಗಿಳಿಯುವ ಹುಡುಗ ಗುರುವನ್ನು ‘ವಸ್ತಾದ’ ಎಂದೇ ಕರೆಯುತ್ತಾನೆ. ಅದು ಉರ್ದುವಿನ ಉಸ್ತಾದ್.

1948ರ ಮಾರ್ಚಿನಲ್ಲಿ ಮುಧೋಳ, ಜಮಖಂಡಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. ಅದೇ ಜುಲೈನಲ್ಲಿ ಅಮೆರಿಕದ ಅಯೋವಾದಲ್ಲಿ ಕುಸ್ತಿ ನಡೆಸುವ ವ್ಯಾಪಾರಿಗಳು ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಕಟ್ಟಿ, ಯಾವ ಸೀಮೆ ಯಾರದೆಂದು ಹಂಚಿಕೊಂಡರು. ಒಬ್ಬನ ಮಾತು ಮೀರಿದ ಪೈಲವಾನನಿಗೆ ಉಳಿದವರೂ ಬಾಗಿಲು ಮುಚ್ಚುತ್ತಿದ್ದರು. 1956ರಲ್ಲಿ ಅಲ್ಲಿಯ ಸರ್ಕಾರ ಕಾನೂನು ಹಿಡಿದು ಇದನ್ನು ತಡೆಯಲು ಮುಂದಾಯಿತು. ಅಲ್ಲಿ ಒಡೆಯರು ಗಡಿ ಹಾಕಿಕೊಂಡ ವರ್ಷವೇ ಇಲ್ಲಿ ಗಡಿಯೂ ಅಳಿಯಿತು, ಒಡೆತನವೂ ಹೋಯಿತು.

ಇಲ್ಲಿ ಉಳಿದದ್ದು ಊರಿನ ಜಾತ್ರೆ, ಉರುಸುಗಳ ಕಮಿಟಿ. ನಿಕಾಲಿ ಕುಸ್ತಿಯ ಹಸ್ತಪತ್ರಿಕೆಯಲ್ಲಿ ದಾನಿಗಳ ಹೆಸರು ಮೇಲೆ, ಜೋಡಿಗಳ ಹೆಸರು ಕೆಳಗೆ. ಯಾವ ಊರಿನ ಕಣಕ್ಕೆ ಹೆಚ್ಚು ಜನ ಕೂಡಿದರು, ಬೆಳ್ಳಿ ಕಡಗ ಎಷ್ಟು ತೂಕದ್ದು ಎಂಬುದೇ ಪೈಪೋಟಿ. ಪೈಲವಾನ ಈಗ ಯಾರ ಆಳೂ ಅಲ್ಲ, ಯಾವ ಕಣಕ್ಕಾದರೂ ಇಳಿಯಬಹುದು. ಆದರೆ ಜಾತ್ರೆಯ ಮರುದಿನದ ಹಾಲು ಅವನದೇ ಖರ್ಚು.

‘ಪೈಲ್ವಾನ್’ ಒಮ್ಮೆ ಈ ಸತ್ಯದ ಹತ್ತಿರ ಬರುತ್ತದೆ. ಮನೆ ಬಿಟ್ಟ ಕಿಚ್ಚನ ಮೈಯಲ್ಲಿ ವಿದ್ಯೆಯಿದೆ, ಆಡುವ ಅಪ್ಪಣೆ ಮಾತ್ರ ಸಾಕಿದವನ ಕೈಯಲ್ಲಿದೆ. ಪ್ರೀತಿಯೊಳಗೇ ಒಡೆತನ ಅಡಗಿರುವುದನ್ನು ತೋರಿಸಲು ಇಷ್ಟು ಸಾಕಿತ್ತು. ಚಿತ್ರ ಅಲ್ಲಿ ನಿಲ್ಲದೆ ಬಾಕ್ಸಿಂಗ್ ಅಂಕಣಕ್ಕೆ ಓಡುತ್ತದೆ.

ಲಾಹೋರಿನಲ್ಲಿ 1960ರಲ್ಲಿ ತೀರಿಕೊಂಡ ಗಾಮಾ ಅವರ ಕೊನೆಯ ದಿನಗಳು ಕಷ್ಟದವು. ಉದ್ಯಮಿ ಜಿ.ಡಿ. ಬಿರ್ಲಾ ಗಡಿಯಾಚೆಗೆ ಹಣ ಕಳುಹಿಸಿದರು. ಆ ಔದಾರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಜಗತ್ತನ್ನೇ ಗೆದ್ದವರಿಗೂ ಮುಪ್ಪಿನ ಅನ್ನ ಹಕ್ಕಾಗಿ ಸಿಗಲಿಲ್ಲ. ಮುಂದಿನ ಕುಸ್ತಿ ಚಿತ್ರವಾದರೂ ಗೆದ್ದವನ ಹೆಗಲ ಮೇಲಿನ ಗದೆಯ ಜೊತೆಗೆ ಮರುದಿನದ ಅವನ ಅಡುಗೆಮನೆಯನ್ನೂ ತೋರಿಸಲಿ.